ಹೆಣಗಳ ಮೇಲೆ ನಡೆವ ರಸಿಕತೆ

ಕನ್ನಡ ಸಾಹಿತ್ಯವನ್ನು ಬೋಧಿಸುವ ಯಾವ ತರಗತಿಯಲ್ಲಿಯಾದರೂ, ರನ್ನನ ಗದಾಯುದ್ಧದ ದುರ್ಯೋಧನನು ಸಂಜಯನ ಆಸರೆ ಹಿಡಿದು ಶರಶಯ್ಯೆಯ ಭೀಷ್ಮನನ್ನು ಕಾಣುವುದಕ್ಕಾಗಿ ಕುರುಕ್ಷೇತ್ರದ ರಣಭೂಮಿಯನ್ನು ತುಳಿದುಕೊಂಡು ಹೋಗುವ ಭಾಗವನ್ನು ಪಾಠಮಾಡುವ ದಿನ ಕುಳಿತು ಕೇಳಿದವರಿಗೆ, ನಮ್ಮ ರಸಿಕತೆಯು ಎಷ್ಟು ನಿಶ್ಚಿಂತೆಯಿಂದ ಹೆಣಗಳ ನಡುವೆ ವಿಹರಿಸಬಲ್ಲುದೆಂಬುದು ಮನದಟ್ಟಾಗದೆ ಇರದು. ದ್ರೋಣನ ಶವದ ಮುಂದೆ ಗುರುಭಕ್ತಿ, ಅಭಿಮನ್ಯುವಿನ ಶವದ ಮುಂದೆ ಔದಾರ್ಯ, ಲಕ್ಷಣಕುಮಾರನ ಶವದ ಮುಂದೆ ಪುತ್ರವಾತ್ಸಲ್ಯ, ದುಶ್ಶಾಸನನ ಶವದ ಮುಂದೆ ಭ್ರಾತೃಪ್ರೇಮ, ಕರ್ಣನ ಶವದ ಮುಂದೆ ಮಿತ್ರಸ್ನೇಹ—ಹೀಗೆ ಒಂದೊಂದು ಹೆಣಕ್ಕೆ ಒಂದೊಂದು ಸದ್ಗುಣವನ್ನು ಕಟ್ಟಿ, ಒಟ್ಟಿನಲ್ಲಿ ಇದು ಕರುಣರಸವೆಂದೂ, ಅದರ ಹಿಂದಿರುವುದು ವೀರರಸವೆಂದೂ, ದುರ್ಯೋಧನನು ಛಲದ ಮೂರ್ತಿಯೆಂದೂ ಬರೆಯಿಸಿ, ಘಂಟೆ ಬಾರಿಸುವಷ್ಟರಲ್ಲಿ ಪಾಠವನ್ನು ಮುಗಿಸಿಬಿಡುತ್ತಾರೆ. ವಿದ್ಯಾರ್ಥಿಯು ಆ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾನೆ. ಮುಂದೆ ಅವನೇ ಅಧ್ಯಾಪಕನಾದಾಗ ಅದನ್ನೇ ಬರೆಯಿಸುತ್ತಾನೆ. ವಿಮರ್ಶಕನಾದರೆ ಅದಕ್ಕೇ ನಾಲ್ಕು ಅಲಂಕಾರಶಾಸ್ತ್ರದ ಮಾತುಗಳನ್ನು ಕೂಡಿಸುತ್ತಾನೆ. ಯುದ್ಧದ ಕ್ರೌರ್ಯವನ್ನೂ, ಅದನ್ನು ಮಾಡಿಸಿದವನ ಪಾಪಪ್ರಜ್ಞೆಯನ್ನೂ, ಮನುಷ್ಯನು ಮನುಷ್ಯತ್ವದಿಂದ ಜಾರಿಬೀಳುವ ಬಗೆಯನ್ನೂ ನಮ್ಮ ಭಾಷೆಯಲ್ಲಿ ಇಷ್ಟು ಸಮೀಪದಿಂದ ಕಂಡ ಕಾವ್ಯವು ಮತ್ತೊಂದಿರಲಾರದು. ಅಂತಹ ಕಾವ್ಯವನ್ನು ಸದ್ಗುಣಗಳ ಪ್ರದರ್ಶನವನ್ನಾಗಿ ಮಾಡಿರುವ ಈ ವ್ಯಾಖ್ಯಾನವು ಬರಿಯ ತಪ್ಪು ವ್ಯಾಖ್ಯಾನವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನು. ಅದು ಕೆಡುಕಿನ ವ್ಯಾಖ್ಯಾನ. ಕೊಲೆಯನ್ನು ಕಂಡು ನಾಚದಿರುವ ವಿದ್ಯೆಯನ್ನು ಅದು ಎಳೆಯರಿಗೆ ಕಲಿಸುತ್ತಿದೆ.

ಮೊದಲು ನೆಲವನ್ನು ನೋಡೋಣ. ದುರ್ಯೋಧನನು ನಿಂತು ಅತ್ತದ್ದು ಐದು ಹೆಣಗಳ ಮುಂದೆ. ಆ ಐದರ ಬಳಿಗೆ ಹೋಗಲು ಅವನು ತುಳಿದುಕೊಂಡು ಹೋದ ಹೆಣಗಳೆಷ್ಟು? ಒಂದು ಅಕ್ಷೌಹಿಣಿಯೆಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕೌರವರವು 11, ಪಾಂಡವರವು 7. ಕಾಲಾಳುಗಳನ್ನಷ್ಟೇ ಎಣಿಸಿದರೂ ಲೆಕ್ಕವು 19,68,300ಕ್ಕೆ ಮುಟ್ಟುತ್ತದೆ. ಇದು ಪುರಾಣದ ಲೆಕ್ಕವಿರಬಹುದು; ಆದರೆ ಕವಿಯು ತನ್ನ ನಾಯಕನನ್ನು ನಡೆಯಿಸಿದ್ದು ಈ ಲೆಕ್ಕದ ಮೇಲೆಯೇ. ನೆತ್ತರಿನಲ್ಲಿ ಕಾಲು ಜಾರುತ್ತ, ಆನೆಗಳ ಕಳೇಬರಗಳನ್ನು ಬಳಸುತ್ತ, ಗದೆಯನ್ನೂರಿ ಹನ್ನೊಂದು ಅಕ್ಷೌಹಿಣಿಗಳ ಒಡೆಯನು ನಡೆಯುತ್ತಾನಲ್ಲ, ಅವನ ಕಾಲ ಕೆಳಗಿದ್ದವರಿಗೆ ಹೆಸರಿಲ್ಲ, ತಂದೆತಾಯಿಗಳಿಲ್ಲ, ಅವರಿಗಾಗಿ ಒಂದು ವಿಲಾಪವಿಲ್ಲ. ಅವರು ಅವನ ಪಾಲಿಗೆ ದಾರಿಯಲ್ಲಿ ಬಿದ್ದ ಅಡಚಣೆಗಳು. ಮನುಷ್ಯನನ್ನು ವಸ್ತುವಾಗಿ ಕಾಣುವುದು ಎಂದರೆ ಇದೇ ಅಲ್ಲವೆ? ಇದನ್ನು ಕವಿಯು ಪದಪದದಲ್ಲಿ ಕಾಣಿಸಿದ್ದಾನೆ. ನಮ್ಮ ವ್ಯಾಖ್ಯಾನಕಾರರಾದರೋ ದೊರೆಯ ಹಿಂದೆಯೇ ಹೆಜ್ಜೆಯಿಡುತ್ತ, ಅವನು ನಿಂತಲ್ಲಿ ನಿಂತು, ಅವನು ಅತ್ತಲ್ಲಿ ಅತ್ತು, ಅವನು ತುಳಿದಲ್ಲಿ ತುಳಿದು ಬಂದಿದ್ದಾರೆ. ಆ ರಣರಂಗದಲ್ಲಿ ದೊರೆಗೆ ನೇರವಾದ ಮಾತನ್ನಾಡುವ ಧೈರ್ಯವಿರುವುದು ಹೆಣಗಳನ್ನು ತಿನ್ನಲು ಬಂದ ಮರುಳುಗಳಿಗೆ ಮಾತ್ರ. ಅವು ಅವನನ್ನು ಗೇಲಿಮಾಡುತ್ತವೆ. ಅದನ್ನು ನಾವು ಏನೆಂದು ಗುರುತಿಸಿದ್ದೇವೆ? ಹಾಸ್ಯವೆಂದು! ಸತ್ತವರ ಪರವಾಗಿ ಕೇಳಿಬಂದ ಒಂದೇ ಒಂದು ದನಿಯನ್ನು ವಿನೋದದ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡಿದ್ದೇವೆ.

ಅಭಿಮನ್ಯುವಿನ ಪ್ರಸಂಗವನ್ನು ತೆಗೆದುಕೊಳ್ಳಿರಿ. ಶತ್ರುವಿನ ಮಗನ ಶವದ ಮುಂದೆ ಕೈಮುಗಿದು, ಅವನ ಸಾಹಸವನ್ನು ಕೊಂಡಾಡಿ, ಅವನ ಮರಣದಂತಹ ಮರಣವು ತನಗೂ ಲಭಿಸಲೆಂದು ದುರ್ಯೋಧನನು ಬೇಡಿಕೊಳ್ಳುವುದನ್ನು ಓದಿ ಪುಳಕಿತರಾಗದ ಪಂಡಿತರನ್ನು ನಾನು ಕಂಡಿಲ್ಲ. ಎಂತಹ ಔದಾರ್ಯ, ಎಂತಹ ಗುಣಪಕ್ಷಪಾತ, ಎಂದು ಅವರು ತಲೆದೂಗುತ್ತಾರೆ. ಆ ಹದಿನಾರರ ಹುಡುಗನನ್ನು ಕೊಂದವರಾರು? ಚಕ್ರವ್ಯೂಹದೊಳಗೆ ಅವನನ್ನು ಒಂಟಿಯಾಗಿ ಸಿಕ್ಕಿಸಿ, ಆರು ಮಂದಿ ಮಹಾರಥರು ಸುತ್ತಿಕೊಂಡು, ಬಿಲ್ಲನ್ನು ಕತ್ತರಿಸಿ, ಕುದುರೆಗಳನ್ನು ಕೊಂದು, ನಿರಾಯುಧನನ್ನಾಗಿ ಮಾಡಿ ಕೆಡಹಿದ್ದು ಯಾರ ಸೈನ್ಯ, ಯಾರ ಸಮ್ಮತಿಯಿಂದ? ಕೊಂದವನೇ ಬಂದು ಕೈಮುಗಿದರೆ ಅದನ್ನು ಔದಾರ್ಯವೆನ್ನುವ ನಾವು, ಊರೂರಿನ ದಂಡನಾಯಕರು ಸತ್ತ ಎಳೆಯರ ಮೇಲೆ ವೀರಗಲ್ಲು ನಿಲ್ಲಿಸಿ ಮರುವರ್ಷವೇ ಅವರ ತಮ್ಮಂದಿರನ್ನು ಕರೆದೊಯ್ದುದನ್ನೂ ಔದಾರ್ಯವೆಂದೇ ಕರೆಯಬೇಕಾದೀತು. ಅಲ್ಲಿಂದ ಹೆಚ್ಚು ದೂರವಿಲ್ಲದೆ, ಆ ಅಭಿಮನ್ಯುವಿನ ಬಾಣಕ್ಕೇ ಬಲಿಯಾದ ತನ್ನ ಮಗ ಲಕ್ಷಣಕುಮಾರನ ಹೆಣವನ್ನು ದುರ್ಯೋಧನನು ಕಾಣುತ್ತಾನೆ. ತಂದೆಗೆ ಮಗನು ಕೊಡಬೇಕಾದ ತರ್ಪಣವನ್ನು ಮಗನಿಗೆ ತಂದೆಯು ಕೊಡಬೇಕಾಗಿ ಬಂದ ವಿಪರ್ಯಾಸಕ್ಕಾಗಿ ಅಳುತ್ತಾನೆ. ಎರಡು ಹೆಣಗಳನ್ನು ಕವಿಯು ಪಕ್ಕಪಕ್ಕದಲ್ಲಿಟ್ಟದ್ದು ಯಾತಕ್ಕೆ? ಹಿರಿಯರ ಹಟಕ್ಕೆ ಬಲಿಯಾದ ಇಬ್ಬರು ಹುಡುಗರನ್ನು ನಾವು ಒಟ್ಟಿಗೆ ನೋಡಲೆಂದಲ್ಲವೆ? ನಾವು ಮಾಡಿದ್ದೇನೆಂದರೆ ಒಬ್ಬನಿಗೆ ಔದಾರ್ಯ, ಮತ್ತೊಬ್ಬನಿಗೆ ವಾತ್ಸಲ್ಯ ಎಂದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಪರೀಕ್ಷೆಗೆ ಇಟ್ಟದ್ದು.

ಆದರೆ ಈ ವ್ಯಾಖ್ಯಾನದ ಅಪರಾಧವು ಪೂರ್ಣವಾಗಿ ಬಯಲಾಗುವುದು ಕರ್ಣನ ಶವದ ಬಳಿಯಲ್ಲಿ. ಅಲ್ಲಿ ದುರ್ಯೋಧನನು ಆಡುವ ಒಂದು ಮಾತಿನಲ್ಲಿ ಇಡೀ ಕಾವ್ಯವೇ ತಲೆಕೆಳಗಾಗುತ್ತದೆ: ಕರ್ಣನು ಕುಂತಿಯ ಮಗನೆಂಬ, ಪಾಂಡವರ ಹಿರಿಯಣ್ಣನೆಂಬ ರಹಸ್ಯವು ತನಗೆ ತಿಳಿದಿತ್ತೆಂದು ಅವನು ಒಪ್ಪಿಕೊಳ್ಳುತ್ತಾನೆ. ತಿಳಿದಿತ್ತು, ತಿಳಿದೂ ಅವನು ಬಾಯಿ ಬಿಡಲಿಲ್ಲ. ತಿಳಿದೂ ಅಣ್ಣನನ್ನು ತಮ್ಮಂದಿರ ಮೇಲೆ ಛೂಬಿಟ್ಟನು. ತನ್ನ ಪ್ರಾಣಸ್ನೇಹಿತನನ್ನು, ಅವನ ಹುಟ್ಟಿನ ಸತ್ಯವನ್ನು ಅಡಗಿಸಿಟ್ಟುಕೊಂಡೇ, ಒಂದು ಆಯುಧವನ್ನಾಗಿ ಬಳಸಿದನು. ಆಯುಧವು ಮುರಿದುಬಿದ್ದ ಮೇಲೆ ಅದರ ಮುಂದೆ ಕುಳಿತು ಸತ್ಯವನ್ನು ನುಡಿದನು. ಕಿವಿಗೊಡಬೇಕಾದವನು ಸತ್ತಿದ್ದಾನೆ, ಸತ್ಯದಿಂದ ಉಳಿಯಬಹುದಾಗಿದ್ದವರೂ ಸತ್ತಿದ್ದಾರೆ. ಈಗ ಆ ಮಾತನ್ನಾಡಲು ಯಾವ ಅಪಾಯವೂ ಇಲ್ಲ. ಪಾಪಪ್ರಜ್ಞೆಯ ಇಷ್ಟು ನಿಷ್ಠುರವಾದ ಚಿತ್ರವನ್ನು ಸಾವಿರ ವರ್ಷಗಳ ಹಿಂದೆ ಮುದುವೊಳಲಿನ ಬಳೆಗಾರ ಮನೆತನದ ಒಬ್ಬ ಕವಿಯು ಬರೆದಿಟ್ಟರೆ, ನಾವು ಅದರ ತಲೆಯ ಮೇಲೆ ಬರೆದ ಶೀರ್ಷಿಕೆಯು ‘ಆದರ್ಶ ಮೈತ್ರಿ’! ಸ್ನೇಹಿತನ ಸಾವಿಗೆ ಕಾರಣವಾಗಬಲ್ಲ ಗುಟ್ಟನ್ನು ಬಚ್ಚಿಟ್ಟುಕೊಳ್ಳುವುದು ಆದರ್ಶವಾದರೆ, ದ್ರೋಹವೆಂಬುದಕ್ಕೆ ನಮ್ಮ ಪಂಡಿತರು ಬೇರೆ ಯಾವ ಉದಾಹರಣೆಯನ್ನು ಕೊಡುವರೋ ತಿಳಿಯೆನು.

ಹಾಗಾದರೆ ಅವನ ಕಣ್ಣೀರು ಸುಳ್ಳೆ? ಸುಳ್ಳಲ್ಲ, ಸುಳ್ಳಾಗಿದ್ದರೆ ಭಯವಿರುತ್ತಿರಲಿಲ್ಲ. ಅವನು ಪ್ರತಿಯೊಂದು ಹೆಣದ ಮುಂದೆಯೂ ನಿಜವಾಗಿ ಬೇಯುತ್ತಾನೆ, ನಿಜವಾಗಿ ತನ್ನನ್ನು ತಾನು ನಿಂದಿಸಿಕೊಳ್ಳುತ್ತಾನೆ, ಮತ್ತು ಪ್ರತಿಯೊಂದು ಹೆಣದಿಂದಲೂ ಏಳುವಾಗ ಆ ಸಂಕಟವನ್ನು ಮುಂದಿನ ಕೊಲೆಯ ಪ್ರತಿಜ್ಞೆಯನ್ನಾಗಿ ಪರಿವರ್ತಿಸಿಕೊಂಡು ಏಳುತ್ತಾನೆ. ಧೃತರಾಷ್ಟ್ರ ಗಾಂಧಾರಿಯರು ಬಂದು, ನೂರು ಮಕ್ಕಳಲ್ಲಿ ಉಳಿದ ನೀನೊಬ್ಬನಾದರೂ ಬದುಕು, ಸಂಧಿ ಮಾಡಿಕೋ ಎಂದು ಅಂಗಲಾಚಿದಾಗ ಅವನು ಹೇಳುವುದೇನು? ಕರ್ಣನೂ ದುಶ್ಶಾಸನನೂ ಸತ್ತಿರುವುದರಿಂದಲೇ ಸಂಧಿಯು ಆಗದು ಎಂದು. ಭೀಷ್ಮನು ಹೇಳಿದಾಗಲೂ ಉತ್ತರವು ಅದೇ. ನೆಲಕ್ಕಾಗಿ ಆರಂಭವಾದ ಯುದ್ಧದಲ್ಲಿ ನೆಲವು ಬೇಡವಾದ ಮೇಲೂ ಯುದ್ಧವು ಬೇಕಾಗಿಯೇ ಉಳಿಯುತ್ತದೆ. ಸತ್ತವರೇ ಸಾಯಿಸುವುದಕ್ಕೆ ಸಮರ್ಥನೆಯಾಗುತ್ತಾರೆ. ‘ಇಷ್ಟು ಮಂದಿ ಸತ್ತಿದ್ದಾರೆ, ಆದುದರಿಂದ ನಿಲ್ಲಿಸೋಣ’ ಎಂದು ಹೇಳಬೇಕಾದ ಬಾಯಿ, ‘ಇಷ್ಟು ಮಂದಿ ಸತ್ತಿದ್ದಾರೆ, ಆದುದರಿಂದ ನಿಲ್ಲಿಸಲಾಗದು’ ಎನ್ನುತ್ತದೆ. ತಾನು ಮಾಡಿದ ಪಾಪದ ಮುಖವನ್ನು ನೋಡಲಾರದ ಮನಸ್ಸು ಅದರಿಂದ ಪಾರಾಗಲು ಕಂಡುಕೊಂಡ ಈ ಹಾದಿಗೆ ಕಾವ್ಯದಲ್ಲಿರುವ ಹೆಸರು ಛಲ. ಜಗತ್ತಿನಲ್ಲಿ ಒಂದು ಯುದ್ಧವಾದರೂ ಈ ತರ್ಕದಿಂದಲ್ಲದೆ ಬೆಳೆದಿದೆಯೆ? ಎರಡು ಮಹಾಯುದ್ಧಗಳಲ್ಲಿ ಮಂತ್ರಿಗಳೂ ಸೇನಾಪತಿಗಳೂ ಸತ್ತವರ ಹೆಸರಿನಲ್ಲಿ ಬದುಕಿರುವವರನ್ನು ಬೇಡಿದ್ದು ಬೇರೆ ಯಾವ ಮಾತಿನಿಂದ? ಇಂತಹ ವಿಷವನ್ನು ಕವಿಯು ಹೆಸರಿಟ್ಟು ಕರೆದು ನಮ್ಮ ಮುಂದಿಟ್ಟರೆ, ನಾವು ಆ ಹೆಸರನ್ನೇ ಬಿರುದನ್ನಾಗಿ ಮಾಡಿಕೊಂಡು ಮೆರೆಯುತ್ತಿದ್ದೇವೆ. ಕನ್ನಡಿಗನೆಂದರೆ ಛಲವಂತ, ಛಲವಿಲ್ಲದವನು ಕನ್ನಡಿಗನೇ ಅಲ್ಲ ಎಂದು ವಾರ್ಷಿಕೋತ್ಸವದ ವೇದಿಕೆಗಳಲ್ಲಿ ಗುಡುಗುವವರು, ಆ ಛಲವು ಕಾವ್ಯದಲ್ಲಿ ಎಷ್ಟು ಹೆಣಗಳನ್ನು ಉಂಡಿತೆಂಬುದನ್ನು ಒಮ್ಮೆ ಓದಿಕೊಂಡು ಬಂದರೆ ಒಳಿತು.

ದುರ್ಯೋಧನನನ್ನು ಬಿಟ್ಟು ಭೀಮನ ಕಡೆಗೆ ತಿರುಗಿದರೆ ನಮ್ಮ ನಿರ್ಲಜ್ಜತೆಯು ಇನ್ನೂ ಮುಂದೆ ಹೋಗಿದೆ. ದುಶ್ಶಾಸನನ ಎದೆಯನ್ನು ಸೀಳಿ ನೆತ್ತರನ್ನು ಕುಡಿದ ಕೃತ್ಯದ ಮುಂದೆ ನಮ್ಮ ಪೂರ್ವಕವಿಗಳು ತತ್ತರಿಸಿದ್ದಾರೆ. ವ್ಯಾಸಭಾರತದ ಕರ್ಣಪರ್ವದಲ್ಲಿ ಆ ದೃಶ್ಯವನ್ನು ಕಂಡ ಯೋಧರು, ಇವನು ಮನುಷ್ಯನಲ್ಲವೆಂದು ಕೂಗುತ್ತ ದಿಕ್ಕೆಟ್ಟು ಓಡುತ್ತಾರೆ. ಓಡುವವರು ರಣಕ್ಕೆ ಹೊಸಬರಾದ ಎಳೆಯರಲ್ಲ, ಹದಿನೇಳು ದಿನ ಕೊಂದು ಪಳಗಿದವರು. ಮುಂದೆ ಸ್ತ್ರೀಪರ್ವದಲ್ಲಿ ಗಾಂಧಾರಿಯು ಕೇಳಿದಾಗ ಭೀಮನೇ, ಆ ನೆತ್ತರು ತನ್ನ ತುಟಿಹಲ್ಲುಗಳನ್ನು ದಾಟಿ ಒಳಗೆ ಹೋಗಲಿಲ್ಲವೆಂದು ತಡವರಿಸುತ್ತಾನೆ. ರನ್ನನಿಗೆ ಮೇಲ್ಪಂಕ್ತಿಯಾದ ವೇಣೀಸಂಹಾರ ನಾಟಕದಲ್ಲಿ ಭಟ್ಟನಾರಾಯಣನಿಗೆ ಇದನ್ನು ಸಹಿಸಲಾಗದೆ, ಒಬ್ಬ ರಾಕ್ಷಸನನ್ನು ಭೀಮನ ದೇಹದೊಳಗೆ ಹೊಗಿಸಿ, ಕುಡಿದವನು ಅವನೆಂದು ಏರ್ಪಾಡು ಮಾಡುತ್ತಾನೆ. ಇವೆಲ್ಲ ನುಣುಚಿಕೊಳ್ಳುವ ಉಪಾಯಗಳೇ ಇರಬಹುದು; ಆದರೆ ನುಣುಚಿಕೊಳ್ಳಬೇಕೆಂದು ತೋರುವುದಕ್ಕಾದರೂ ಅಂತಃಸಾಕ್ಷಿಯು ಬೇಕು. ನಮ್ಮ ವಿಮರ್ಶೆಗೆ ಅದೂ ಇಲ್ಲ. ರೌದ್ರವು ಅಂಗಿ, ಬೀಭತ್ಸವು ಅಂಗ, ಪ್ರತಿಜ್ಞಾಪಾಲನೆಯು ಫಲ ಎಂದು ಬರೆದುಕೊಟ್ಟು ಅದು ಊಟಕ್ಕೆ ಎದ್ದುಹೋಗುತ್ತದೆ. ದ್ರೌಪದಿಗಾದ ಅವಮಾನವನ್ನು ಮುಂದೊಡ್ಡಿ ಇದನ್ನು ಸಮರ್ಥಿಸುವವರುಂಟು. ಆ ಅವಮಾನವು ಘೋರವಾದುದೇ. ಅದು ಸಭೆಯಲ್ಲಿ ನಡೆಯುತ್ತಿದ್ದಾಗ ಇದೇ ಭೀಮನೂ ಸೇರಿ ಐದು ಮಂದಿ ಗಂಡಂದಿರು ತಲೆತಗ್ಗಿಸಿ ಕುಳಿತಿದ್ದರು. ಕಾಪಾಡಲಾರದ ಕೈಗಳು ಹದಿಮೂರು ವರ್ಷಗಳ ಮೇಲೆ ರಕ್ತದಲ್ಲಿ ಅದ್ದಿಕೊಂಡು ಬಂದರೆ ಅದು ಹೆಣ್ಣಿಗೆ ದೊರೆತ ನ್ಯಾಯವೆಂದು ನಂಬುವುದಕ್ಕೆ ಎಂತಹ ಭೋಳೆತನ ಬೇಕು!

ಇನ್ನು ಕಿರೀಟದ ವಿಷಯ. ವ್ಯಾಸನ ಭಾರತದಲ್ಲಿ ಗೆದ್ದು ಪಟ್ಟವೇರುವವನು ಯುಧಿಷ್ಠಿರ, ಏರಲೊಲ್ಲದೆ ಏರುವವನು. ಈ ಜಯವು ತನಗೆ ಸೋಲಾಗಿ ಕಾಣುತ್ತಿದೆಯೆಂದು ಶಾಂತಿಪರ್ವದ ಮೊದಲಿನಲ್ಲಿಯೇ ಗೋಳಾಡಿ, ಕಾಡಿಗೆ ಹೊರಟು ನಿಂತವನನ್ನು ತಮ್ಮಂದಿರೂ ಹೆಂಡತಿಯೂ ಋಷಿಗಳೂ ಕೂಡಿ ಎಳೆದು ತಂದು ಸಿಂಹಾಸನದ ಮೇಲೆ ಕೂರಿಸುತ್ತಾರೆ. ತೊಡೆಮುರಿದು ಬಿದ್ದ ದುರ್ಯೋಧನನು ಭೀಷ್ಮ, ದ್ರೋಣ, ಭೂರಿಶ್ರವ, ಕರ್ಣ ಇವರನ್ನು ಕೊಂದ ಮೋಸಗಳನ್ನು ಒಂದೊಂದಾಗಿ ಎಣಿಸಿದಾಗ ಆಕಾಶದಿಂದ ಹೂಮಳೆಯು ಸುರಿದದ್ದು ಬಿದ್ದವನ ಮೇಲೆ; ನಾಚಿಕೊಂಡವರು ಗೆದ್ದವರು. ಇಷ್ಟನ್ನು ವ್ಯಾಸನು ಹೇಳಬಲ್ಲವನಾಗಿದ್ದನು. ನಮ್ಮ ಕನ್ನಡದ ಆಸ್ಥಾನಗಳಿಗೆ ಬಂದಾಗ, ಪಂಪನು ತನ್ನ ದೊರೆ ಅರಿಕೇಸರಿಗಾಗಿ ಅರ್ಜುನನಿಗೆ ಪಟ್ಟಕಟ್ಟಿದನು, ರನ್ನನು ತನ್ನ ದೊರೆ ಸತ್ಯಾಶ್ರಯನಿಗಾಗಿ ಭೀಮನಿಗೆ ಪಟ್ಟಕಟ್ಟಿದನು. ಇದನ್ನು ಔಚಿತ್ಯವೋ ಅನೌಚಿತ್ಯವೋ ಎಂದು ಚರ್ಚಿಸಿದ ಲೇಖನಗಳು ರಾಶಿಯಾಗಿವೆ. ಆ ಪಟ್ಟಾಭಿಷೇಕದಲ್ಲಿ ಕಿರೀಟದೊಡನೆ ಕಳೆದುಹೋದದ್ದೇನೆಂದು ಕೇಳಿದವರು ವಿರಳ. ಕಳೆದುಹೋದದ್ದು ಪಶ್ಚಾತ್ತಾಪ. ಗೆದ್ದವರಲ್ಲಿ ದುಃಖಿಸಬಲ್ಲ ಒಬ್ಬನೇ ಒಬ್ಬನನ್ನು ಗದ್ದುಗೆಯಿಂದ ಸರಿಸಿ, ಯಾವ ಸಂಶಯವೂ ಇಲ್ಲದವನನ್ನು ಅಲ್ಲಿ ಕೂರಿಸಲಾಯಿತು. ಕವಿಗೆ ಅನ್ನವಿಟ್ಟ ಅರಸನ ಹಂಗಿತ್ತು. ನಮಗೆ ಯಾರ ಹಂಗಿದೆ?

ವೀರರಸದ ಪಂಡಿತರನ್ನು ಹಳಬರೆಂದು ಹೀಯಾಳಿಸುವ ನವೀನರು ತಾವು ಪಾರಾದೆವೆಂದು ಭಾವಿಸಬಾರದು. ಗ್ರೀಕರ ರುದ್ರನಾಟಕಗಳನ್ನು ಕಂಡುಬಂದ ಕಣ್ಣಿನಿಂದ ಗದಾಯುದ್ಧವನ್ನು ನೋಡಿ, ರನ್ನನ ಪದ್ಯಗಳಿಂದಲೇ ನಾಟಕವನ್ನು ಹೊಂದಿಸಿ, ದುರ್ಯೋಧನನನ್ನು ದುರಂತನಾಯಕನನ್ನಾಗಿ ನಿಲ್ಲಿಸಿದ ಬಿ. ಎಂ. ಶ್ರೀಕಂಠಯ್ಯನವರ ಸಾಹಸವು ನಮ್ಮ ವಿಮರ್ಶೆಗೆ ಹೊಸ ಉಸಿರನ್ನು ತಂದಿತೆಂಬುದು ದಿಟ. ಆ ಉಸಿರನ್ನು ಹಿಡಿದಿಟ್ಟುಕೊಂಡು ಅದನ್ನೇ ಉಬ್ಬಸವನ್ನಾಗಿ ಮಾಡಿಕೊಂಡವರು ಅವರ ಹಿಂಬಾಲಕರು. ಅಂದಿನಿಂದ ಇಂದಿನವರೆಗೆ ಗದಾಯುದ್ಧದ ಬಗೆಗೆ ಕೇಳುವ ಪ್ರಶ್ನೆ ಒಂದೇ: ನಾಯಕನು ಭೀಮನೋ ದುರ್ಯೋಧನನೋ? ಇಬ್ಬರು ಕೊಲೆಗಾರರಲ್ಲಿ ಹಾರವನ್ನು ಯಾರ ಕೊರಳಿಗೆ ಹಾಕಬೇಕೆಂಬ ಈ ಜಿಜ್ಞಾಸೆಯಲ್ಲಿ ಪಕ್ಷಗಳು ಕಟ್ಟಿಕೊಂಡಿವೆ, ಪದವಿಗಳು ದೊರೆತಿವೆ, ಕೂದಲು ನರೆತಿವೆ. ದುರಂತನಾಯಕನ ಪತನವನ್ನು ಕಂಡು ನಮ್ಮ ಚಿತ್ತವು ಶುದ್ಧಿಯಾಗುತ್ತದಂತೆ! ಪತನವಾದವನು ಒಬ್ಬ, ಅವನೊಡನೆ ಬಿದ್ದವರು ಹದಿನೆಂಟು ಅಕ್ಷೌಹಿಣಿ. ಅವರನ್ನು ರಂಗದ ಹಿಂದಕ್ಕೆ ಸರಿಸಿ ನಾವು ಪಡೆದುಕೊಂಡ ಈ ಶುದ್ಧಿಯು ಎಂತಹ ಶುದ್ಧಿ?

ಕವಿಯ ಕಾಲದಲ್ಲಿ ಯುದ್ಧವೆಂಬುದು ಹೀಗೆಯೇ ಇತ್ತು, ಅಂದಿನವರಿಗೆ ಅದು ಕ್ರೌರ್ಯವಾಗಿ ಕಾಣುತ್ತಿರಲಿಲ್ಲ, ಇಂದಿನ ಕರುಣೆಯನ್ನು ಹಿಂದಕ್ಕೆ ಹೊರಿಸಬೇಡಿರಿ—ಇದು ಈ ಪಂಡಿತರ ಕೊನೆಯ ಕೋಟೆ. ಇದರ ಗೋಡೆಯನ್ನು ಕೆಡಹಲು ಹೊಸ ಫಿರಂಗಿಗಳು ಬೇಡ. ಅಂದಿನ ಕಲ್ಲುಗಳೇ ಸಾಕು. ರನ್ನನ ಆಶ್ರಯದಾತನಾದ ಸತ್ಯಾಶ್ರಯನ ಕಾಲದ್ದೇ ಆದ, 1007ರ ಸುಮಾರಿನ ಹೊಟ್ಟೂರು ಶಾಸನವನ್ನು ಓದಿರಿ. ಚೋಳನು ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ನಾಡನ್ನು ಸೂರೆಗೊಂಡನೆಂದೂ, ಹೆಂಗಸರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಕೊಂದನೆಂದೂ, ಹೆಣ್ಣುಗಳನ್ನು ಸೆರೆಹಿಡಿದನೆಂದೂ ಅಲ್ಲಿ ಕೊರೆದಿದೆ. ಸಂಖ್ಯೆಯು ಉತ್ಪ್ರೇಕ್ಷೆಯಿರಬಹುದು; ರೋಷವು ನಿಜವಾದುದು. ಕ್ರೌರ್ಯವೆಂದರೆ ಏನೆಂಬುದನ್ನು ಆ ಶಾಸನಕಾರನು ಚೆನ್ನಾಗಿ ಬಲ್ಲವನಾಗಿದ್ದನು, ಅದನ್ನು ಅನುಭವಿಸಿದವರು ತನ್ನವರಾದಾಗ. ತನ್ನ ದೊರೆಯ ದಂಡು ಹಿಂದಟ್ಟಿಕೊಂಡು ಹೋದ ಊರುಗಳಲ್ಲಿ ಹೆಂಗಸರಿಗೂ ಮಕ್ಕಳಿಗೂ ಏನಾಯಿತೆಂಬುದನ್ನು ಅವನ ಉಳಿ ಹೇಳುವುದಿಲ್ಲ. ಪರರು ಮಾಡಿದರೆ ಪಾತಕ, ನಾವು ಮಾಡಿದರೆ ಪರಾಕ್ರಮ: ಈ ವಿಭಾಗವನ್ನು ಹನ್ನೊಂದನೆಯ ಶತಮಾನದ ಕಲ್ಲಿನಲ್ಲಿ ಕಂಡರೆ ಕ್ಷಮಿಸಬಹುದು, ಇಂದಿನ ಪಠ್ಯಪುಸ್ತಕದಲ್ಲಿ ಕಂಡರೆ?

ಅಷ್ಟೇಕೆ, 941ರಲ್ಲಿಯೇ ಆದಿಪುರಾಣವನ್ನು ಬರೆದ ಪಂಪನು, ಭರತ ಬಾಹುಬಲಿಯರ ನಡುವೆ ಸೈನ್ಯಗಳು ಸಾಯದಂತೆ ಮಂತ್ರಿಗಳು ತಡೆದು, ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿ ಅಣ್ಣತಮ್ಮಂದಿರೇ ನಿರ್ಣಯಿಸಿಕೊಳ್ಳುವಂತೆ ಮಾಡಿದ ಕಥೆಯನ್ನು ಕನ್ನಡಕ್ಕೆ ಕೊಟ್ಟಿದ್ದನು. ಗೆದ್ದ ಬಾಹುಬಲಿಯು ಗೆಲುವಿಗೆ ಹೇಸಿ ರಾಜ್ಯವನ್ನು ಬಿಟ್ಟು ನಡೆದದ್ದನ್ನು ಹಾಡಿದ್ದನು. ರನ್ನನೂ ಜೈನನೇ, ಅಜಿತಪುರಾಣವನ್ನು 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಬರೆದವನು. ಕಾಲಾಳು ಸಾಯಬಾರದೆಂಬ ವಿವೇಕವೂ, ಗೆಲುವು ಹೇಸಿಗೆಯಾಗಬಹುದೆಂಬ ತಿಳಿವೂ ನಮ್ಮ ಸಾಹಿತ್ಯದ ತೊಟ್ಟಿಲಲ್ಲೇ ಇದ್ದುವು. ಅವನ್ನು ಧಾರ್ಮಿಕ ಕಾವ್ಯದ ಕೋಣೆಯಲ್ಲಿ ಬೀಗಹಾಕಿ, ಲೌಕಿಕ ಕಾವ್ಯಕ್ಕೆ ರಕ್ತದ ಪರವಾನಗಿಯನ್ನು ಬರೆದುಕೊಟ್ಟವರು ನಾವು.

ಆದುದರಿಂದ ಸಾಹಿತ್ಯವನ್ನು ಬೋಧಿಸುವವರನ್ನೂ, ಪಠ್ಯಗಳನ್ನು ಆಯುವ ಸಮಿತಿಗಳನ್ನೂ, ಪ್ರಶ್ನಪತ್ರಿಕೆಗಳನ್ನು ರಚಿಸುವವರನ್ನೂ ನೇರವಾಗಿ ಒತ್ತಾಯಿಸಬೇಕಾಗಿದೆ. ದುರ್ಯೋಧನ ವಿಲಾಪವನ್ನು ಕಾವ್ಯದಿಂದ ಕತ್ತರಿಸಿ ಒಂಟಿಯಾಗಿ ಅಚ್ಚುಹಾಕುವುದನ್ನು ನಿಲ್ಲಿಸಿರಿ; ಅದರ ಪಕ್ಕದಲ್ಲಿ ಅವನು ಸಂಧಿಯನ್ನು ತಿರಸ್ಕರಿಸಿದ ಭಾಗವನ್ನೂ, ಭೀಮನು ರಕ್ತವನ್ನು ಕುಡಿದ ಕಥೆಯನ್ನೂ, ಸ್ತ್ರೀಪರ್ವದಲ್ಲಿ ಗಾಂಧಾರಿಯು ಕೇಳಿದ ಪ್ರಶ್ನೆಗಳನ್ನೂ ಇಡಿರಿ. ‘ದುರ್ಯೋಧನನ ಔದಾರ್ಯವನ್ನು ವಿವರಿಸಿರಿ’ ಎಂಬ ಪ್ರಶ್ನೆಯನ್ನು ಸುಟ್ಟುಹಾಕಿ, ಅಭಿಮನ್ಯುವನ್ನು ಕೊಂದವರಾರು, ಅವರಲ್ಲಿ ಒಬ್ಬನಿಗಾದರೂ ಶಿಕ್ಷೆಯಾಯಿತೆ, ಶಿಕ್ಷೆಯೆಂದು ನಡೆದದ್ದೂ ಮತ್ತೊಂದು ಕೊಲೆಯೇ ಅಲ್ಲವೆ ಎಂದು ಕೇಳಿರಿ. ಕರ್ಣನ ಗುಟ್ಟನ್ನು ಬಲ್ಲವನು ಬಾಯಿಬಿಟ್ಟಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೆಂದು ಹುಡುಗರು ತಮ್ಮೊಳಗೆ ವಾದಿಸಲಿ. ಉತ್ತರವು ಅಂಕಗಳಿಗೆ ಒಗ್ಗದಿದ್ದರೆ ಅಂಕಗಳು ಹಾಳಾಗಲಿ. ರಸಗಳ ಪಟ್ಟಿಯನ್ನು ಒಪ್ಪಿಸಬಲ್ಲ ಹುಡುಗನಿಗೆ ಪೂರ್ಣಾಂಕವನ್ನು ಕೊಟ್ಟು, ‘ಸ್ವಾಮೀ, ಆ ದಾರಿಯಲ್ಲಿ ಬಿದ್ದಿದ್ದ ಕಾಲಾಳುಗಳ ಹೆಣಗಳನ್ನು ಆಮೇಲೆ ಯಾರು ಎತ್ತಿದರು?’ ಎಂದು ಎದ್ದುನಿಂತು ಕೇಳುವ ಹುಡುಗನನ್ನು ಕುಳ್ಳಿರೆಂದು ಗದರಿಸುವ ಅಧ್ಯಾಪಕನು, ಗದಾಯುದ್ಧವನ್ನು ಪಾಠಮಾಡುವ ಹಕ್ಕನ್ನು ಆ ಕ್ಷಣದಿಂದಲೇ ಕಳೆದುಕೊಳ್ಳಬೇಕು.